ಗಾಳಿ ಎದುರಾದರೆ ಹಾಯಿಹಡಗು ಏನು ಮಾಡುತ್ತದೆ?

ಪ್ರಶ್ನೆ: ನೌಕಾಪಡೆಯ ತರಂಗಿಣಿಯಂಥ ಹಾಯಿಹಡಗು ಗಾಳಿ ಬೀಸಿದ ಕಡೆಗಷ್ಟೇ ಹೋಗಬಲ್ಲದಲ್ಲವೇ? ಕೊಚ್ಚಿಗೆ ಮರಳುವಾಗ ಇಂಜಿನ್ ಹಾಕಲೇಬೇಕಾದರೆ ಅದರಲ್ಲಿ ಕೆಡೆಟ್‌ಗಳಿಗೆ ತರಬೇತಿ ಏಕೆ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಪಯ್ಯನ್ನೂರು ದಾಟುವಾಗ ರೈಲಿನ ಕಿಟಕಿಯಿಂದ ಏಳಿಮಲದ ಗುಡ್ಡ ತೋರಿಸಿ, ಅಲ್ಲಿ ನೇವಿ ಅಕಾಡೆಮಿ ಇದೆಯೆಂದು ಮಕ್ಕಳಿಗೆ ಹೇಳದ ಕಾಸರಗೋಡಿನವರು ಕಡಿಮೆ. ಅದರಿಂದಲೋ ಏನೋ, ಈ ಪ್ರಶ್ನೆ ನನಗೆ ವರ್ಷ ವರ್ಷವೂ ತಪ್ಪದೆ ಬರುತ್ತದೆ. ಉತ್ತರವನ್ನು ಇನ್ನೊಮ್ಮೆ, ಈ ಸಲ ತುಸು ವಿವರವಾಗಿಯೇ ಬರೆಯುತ್ತೇನೆ.

ತರಂಗಿಣಿ ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಲ್ಪಟ್ಟು 1997ರಲ್ಲಿ ನೌಕಾಪಡೆಗೆ ಸೇರಿದ, ಮೂರು ಕೂವೆಮರಗಳ, 54 ಮೀಟರ್ ಉದ್ದದ ಹಡಗು. 2003–04ರಲ್ಲಿ ಭೂಮಿಯನ್ನೇ ಸುತ್ತಿ ಬಂದಿದೆ. ಅದಕ್ಕೆ ಇಂಜಿನ್ ಇರುವುದು ನಿಜ, ಬಂದರಿನ ಇಕ್ಕಟ್ಟಿನಲ್ಲಿ ಅದು ಬೇಕೇ ಬೇಕು. ಆದರೆ ಗಾಳಿ ಎದುರಾಯಿತೆಂದ ಮಾತ್ರಕ್ಕೆ ಹಾಯಿಗಳನ್ನು ಮಡಚಿಡಬೇಕಾಗಿಲ್ಲ.

ಗಾಳಿ ಹಾಯಿಯನ್ನು ಬೆನ್ನ ಹಿಂದಿನಿಂದ ದಬ್ಬುತ್ತದೆ, ಹಡಗು ದಬ್ಬಿದತ್ತ ಹೋಗುತ್ತದೆ ಎಂಬ ಚಿತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ನೇರ ಬೆನ್ನಗಾಳಿ ನಾವಂದುಕೊಂಡಷ್ಟು ಒಳ್ಳೆಯದೂ ಅಲ್ಲ, ಏಕೆಂದರೆ ಆಗ ಹಿಂದಿನ ಕೂವೆಮರದ ಹಾಯಿಗಳು ಮುಂದಿನವಕ್ಕೆ ಗಾಳಿ ತಲುಪದಂತೆ ಮರೆಯಾಗುತ್ತವೆ. ಗಾಳಿ ಪಕ್ಕದಿಂದ ಬಂದಾಗ ಹಾಯಿ ವಿಮಾನದ ರೆಕ್ಕೆಯ ಕೆಲಸವನ್ನೇ ಮಾಡುತ್ತದೆ: ಉಬ್ಬಿದ ಹೊರಮೈಯ ಕಡೆ ಒತ್ತಡ ತಗ್ಗಿ, ಹಾಯಿ ಆ ಕಡೆಗೆ ಸೆಳೆಯಲ್ಪಡುತ್ತದೆ. ಗಾಳಿ ಓರೆಯಾಗಿ ಮುಂದಿನಿಂದ ಬರುವಾಗ ಈ ಸೆಳೆತದ ಹೆಚ್ಚಿನ ಪಾಲು ಹಡಗನ್ನು ಪಕ್ಕಕ್ಕೆ ತಳ್ಳುವಂಥದ್ದು, ಮುಂದಕ್ಕೆ ಒಯ್ಯುವ ಪಾಲು ಸ್ವಲ್ಪವೇ. ಆದರೆ ನೀರಿನೊಳಗಿರುವ ಉದ್ದನೆಯ ಒಡಲು ಪಕ್ಕಕ್ಕೆ ಜಾರಲು ಸುಲಭವಾಗಿ ಬಿಡುವುದಿಲ್ಲ. ಹಸಿ ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಅದು ಯಾವ ಬೆರಳಿನತ್ತಲೂ ಹೋಗದೆ ಮುಂದಕ್ಕೆ ಚಿಮ್ಮುವಂತೆ, ಗಾಳಿ ಮತ್ತು ನೀರಿನ ನಡುವೆ ಸಿಕ್ಕಿದ ಹಡಗು ಮುಂದಕ್ಕೆ ಸಾಗುತ್ತದೆ.

ಗಾಳಿಯ ಮುಖಕ್ಕೆ ನೇರವಾಗಿ ಹೋಗಲು ಯಾವ ಹಾಯಿಹಡಗಿಗೂ ಆಗದು. ಓರೆಯಾಗಿ ಬಲಕ್ಕೆ ಸ್ವಲ್ಪ ದೂರ, ಮತ್ತೆ ತಿರುಗಿ ಎಡಕ್ಕೆ ಸ್ವಲ್ಪ ದೂರ, ಹೀಗೆ ಹಾವಿನ ನಡೆಯಲ್ಲಿ ಮೇಲೇರಬೇಕು. ತ್ರಿಕೋನ ಹಾಯಿಯ ಸಣ್ಣ ದೋಣಿ ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿಯಷ್ಟು ಹತ್ತಿರಕ್ಕೆ ಹೋಗಬಲ್ಲದು. ತರಂಗಿಣಿಯ ಮುಂದಿನ ಎರಡು ಕೂವೆಮರಗಳಲ್ಲಿರುವಂಥ ಚೌಕ ಹಾಯಿಗಳ ಹಡಗಿಗೆ 60 ಡಿಗ್ರಿ ದಾಟಿದ ಕೋನವೇ ಗತಿ. 65 ಡಿಗ್ರಿ ಎಂದು ಹಿಡಿದರೆ, ಒಂದು ಮೈಲಿ ಎದುರೇರಲು ಸುಮಾರು 2.4 ಮೈಲಿ ಕ್ರಮಿಸಬೇಕು. ತ್ರಿಕೋನಮಿತಿ ಕಲಿತ ಹತ್ತನೆಯ ತರಗತಿಯವರು ಕಾಗದದ ಮೇಲೆ ಇದನ್ನು ತಾವೇ ಲೆಕ್ಕಹಾಕಿ ನೋಡಬಹುದು. ನೋಡಿದರೆ ನನಗೆ ಸಂತೋಷ.

ತರಬೇತಿಯ ಸಾರ ಇರುವುದು ಆ ತಿರುವಿನಲ್ಲಿಯೇ. ಹಡಗಿನ ಮೂತಿ ಗಾಳಿಯನ್ನು ಸೀಳಿಕೊಂಡು ಆಚೆ ಬದಿಗೆ ಹೊರಳುವ ಕ್ಷಣದಲ್ಲಿ, ಹಾಯಿಗಳನ್ನು ಹೊತ್ತ ಅಡ್ಡಮರಗಳನ್ನು ಹಲವು ಜನ ಸೇರಿ ಹಗ್ಗ ಜಗ್ಗಿ ತಿರುಗಿಸಬೇಕು. ಒಂದು ತಂಡ ತಡಮಾಡಿದರೂ ಹಡಗು ಗಾಳಿಗೆ ಮುಖಕೊಟ್ಟು ನಿಂತುಬಿಡುತ್ತದೆ, ಆಮೇಲೆ ಹಿಂದಕ್ಕೂ ಸರಿಯತೊಡಗುತ್ತದೆ. ಆಗ ಚುಕ್ಕಾಣಿಯೂ ಮಾತು ಕೇಳುವುದಿಲ್ಲ. ಮುಂದೆ ಯುದ್ಧನೌಕೆಯನ್ನು ನಡೆಸಬೇಕಾದವರು ಗಾಳಿ, ಅಲೆ, ಪ್ರವಾಹಗಳನ್ನು ಪರದೆಯ ಮೇಲಿನ ಅಂಕಿಗಳಾಗಿ ನೋಡುವುದಕ್ಕೆ ಮೊದಲು ಹೀಗೆ ಅಂಗೈಯಲ್ಲಿ ಅನುಭವಿಸಿರಲಿ ಎಂಬುದು ಉದ್ದೇಶ.

ಎದುರುಗಾಳಿಯಲ್ಲೂ ಸಾಗಬಹುದಾಗಿದ್ದರೆ ಹಿಂದಿನ ವರ್ತಕರು ಮಾರುತಗಳಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದುದೇಕೆ ಎಂದು ಯಾರೂ ಕೇಳಿಲ್ಲ, ಕೇಳಬೇಕಾಗಿತ್ತು. ವಾಸ್ಕೋ ಡ ಗಾಮ 1498ರ ಏಪ್ರಿಲ್ ಕೊನೆಯಲ್ಲಿ ಆಫ್ರಿಕದ ಮಲಿಂದಿಯಿಂದ ಹೊರಟು, ನೈರುತ್ಯದ ಗಾಳಿ ಹಿಡಿದು, ಒಂದು ತಿಂಗಳೊಳಗೆ ಕೋಯಿಕ್ಕೋಡಿನ ಬಳಿ ಬಂದಿಳಿದ. ಹೋಗುವಾಗ ಅವಸರಪಟ್ಟು, ಈಶಾನ್ಯದ ಗಾಳಿ ನೆಲೆಗೊಳ್ಳುವ ಮುನ್ನವೇ, ಅಕ್ಟೋಬರ್ ಆರಂಭದಲ್ಲಿ ಕಾರವಾರದೆದುರಿನ ಅಂಜುದ್ವೀಪದಿಂದ ಹಾಯಿ ಬಿಚ್ಚಿದ. ಅದೇ ಸಮುದ್ರವನ್ನು ದಾಟಲು ಈ ಸಲ ಸುಮಾರು ಮೂರು ತಿಂಗಳು ಹಿಡಿಯಿತು. ಎದುರುಗಾಳಿಯಿದ್ದಾಗ ಇಷ್ಟಿಷ್ಟೇ ಮುಂದೆ ಸರಿಯಬಹುದಿತ್ತು, ಗಾಳಿಯೇ ಸತ್ತುಹೋದ ದಿನಗಳಲ್ಲಿ ಅದೂ ಇಲ್ಲ. ತಾಜಾ ಆಹಾರವಿಲ್ಲದೆ ಸ್ಕರ್ವಿ ಹತ್ತಿ ಅವನ ನಾವಿಕರಲ್ಲಿ ಸುಮಾರು 30 ಮಂದಿ ದಾರಿಯಲ್ಲೇ ಸತ್ತರು. ತರಂಗಿಣಿಯ ಇಂಜಿನ್ ನಿಜವಾಗಿ ಬೇಕಾಗುವುದು ಅಂಥ ಗಾಳಿಯಿಲ್ಲದ ದಿನಗಳಲ್ಲಿ.