ಕುಂಚ ಹಿಡಿದ ಕೈಯ ಹಿಂದೆ ಬಿದ್ದ ಕ್ಯಾಮೆರಾ

ಕಲಬುರಗಿಯಲ್ಲಿ ನಾಟಕ, ಸಭೆ, ಸನ್ಮಾನ ಏನೇ ಇದ್ದರೂ ಆಟೋದವರಿಗೆ ‘ಪಂಡಿತ್ ರಂಗಮಂದಿರ’ ಅಂದರೆ ಸಾಕು. ಡಾ. ಎಸ್.ಎಂ. ಪಂಡಿತ್ 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಚಿತ್ರಕಲಾವಿದರು. ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದರು. ಅವರ ದೇವರ ಚಿತ್ರಗಳು ಕ್ಯಾಲೆಂಡರ್ ಆಗಿ ಮನೆಮನೆ ಸೇರಿದವು. ಆದರೆ ಅವರು ಮುಖದಲ್ಲಿ ಮೊದಲು ಎಲ್ಲಿಗೆ ಬಣ್ಣ ಇಡುತ್ತಿದ್ದರು? ಕುಂಚ ಎಲ್ಲಿ ತಡೆದು ನಿಲ್ಲುತ್ತಿತ್ತು? ಮುಗಿದ ಚಿತ್ರ ಇದನ್ನೆಲ್ಲ ಹೇಳುವುದಿಲ್ಲ, ಅಲ್ವಾ? ಅದಕ್ಕೇ ಸಾಕ್ಷ್ಯಚಿತ್ರ ಬೇಕು.

ಈ ಹಂಬಲ ಹಳೆಯದು. 1915ರಲ್ಲಿ, ಮಹಾಯುದ್ಧದ ನಡುವೆ, ಫ್ರಾನ್ಸಿನ ನಾಟಕಕಾರ ಸಾಶಾ ಗೀಟ್ರಿ ತಮ್ಮ ದೇಶದ ಹಿರಿಯ ಕಲಾವಿದರನ್ನು ಚಿತ್ರೀಕರಿಸಿದರು. ಜರ್ಮನಿಯ ವಿದ್ವಾಂಸರು ತಮ್ಮ ಸಂಸ್ಕೃತಿಯೇ ದೊಡ್ಡದು ಎಂದು ಸಾರಿದ್ದಕ್ಕೆ ಅದು ಉತ್ತರ. ಅದರಲ್ಲಿ ಮುದುಕ ಚಿತ್ರಕಲಾವಿದ ರೆನ್ವಾರ್ ಇದ್ದಾರೆ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿವೆ. ಆದರೂ ಕುಂಚ ಬಿಟ್ಟಿಲ್ಲ.

1948ರಲ್ಲಿ ಫ್ರಾನ್ಸಿನ ನಿರ್ದೇಶಕ ಅಲೆನ್ ರೆನೆ ಚಿತ್ರಕಲಾವಿದ ವ್ಯಾನ್ ಗಾಗ್ ಕಥೆ ಹೇಳುವಾಗ ಆ ಕೈಯೇ ಇರಲಿಲ್ಲ. ಕಲಾವಿದ ತೀರಿಕೊಂಡು ಐವತ್ತೆಂಟು ವರ್ಷ ಆಗಿತ್ತು. ಹಾಗಾಗಿ ಚಿತ್ರಗಳ ಮೇಲೆಯೇ ಕ್ಯಾಮೆರಾ ಓಡಾಡಿಸಿದರು, ಅದೂ ಕಪ್ಪು-ಬಿಳುಪಿನಲ್ಲಿ.

1956ರಲ್ಲಿ ಅದೇ ದೇಶದ ನಿರ್ದೇಶಕ ಕ್ಲೂಜೊ ಬೇರೆ ದಾರಿ ಹಿಡಿದರು. ಶಾಯಿ ಆಚೆ ಬದಿಗೂ ಇಳಿಯುವ ಹಾಳೆಯ ಮೇಲೆ ಪಿಕಾಸೊ ಬರೆಯುತ್ತಾರೆ. ಕ್ಯಾಮೆರಾ ಇರುವುದು ಹಿಂಬದಿಗೆ. ಹೂಗೊಂಚಲು ಮೀನಾಗುತ್ತದೆ, ಮೀನು ಕೋಳಿಯಾಗುತ್ತದೆ. ಯೋಚನೆ ಕಣ್ಣೆದುರೇ ಬದಲಾಗುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಚಿತ್ರ ನಾನಂತೂ ನೋಡಿಲ್ಲ.

ನಮ್ಮಲ್ಲಿ 1948ರಲ್ಲಿ ಸಾಕ್ಷ್ಯಚಿತ್ರ ಮಾಡುವ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಷನ್ ಶುರುವಾಯಿತು. ಅದರ ಚಿತ್ರಗಳನ್ನು ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಹಾಕುತ್ತಿದ್ದರು. ಪಂಡಿತರ ಹಾಗೇ ಸಿನಿಮಾ ಪ್ರಚಾರಕ್ಕೆ ಬಣ್ಣ ಬಳಿದಿದ್ದ ಎಂ.ಎಫ್. ಹುಸೇನ್ 1967ರಲ್ಲಿ ತಾವೇ ಅದಕ್ಕೊಂದು ಕಿರುಚಿತ್ರ ಮಾಡಿ ಬರ್ಲಿನ್‌ನಲ್ಲಿ ಪ್ರಶಸ್ತಿ ಗೆದ್ದರು. 1972ರಲ್ಲಿ ಸತ್ಯಜಿತ್ ರೇ ತಮ್ಮ ಗುರು ಬಿನೋದ್ ಬಿಹಾರಿ ಮುಖರ್ಜಿಯವರ ಬಗ್ಗೆ ಚಿತ್ರ ಮಾಡಿದರು. ಗುರುಗಳಿಗೆ ಆಗಲೇ ಕಣ್ಣು ಪೂರ್ತಿ ಹೋಗಿತ್ತು. ಕೆಲಸ ಮಾತ್ರ ನಿಂತಿರಲಿಲ್ಲ.

ಮೊನ್ನೆ ಸೂಪರ್ ಮಾರ್ಕೆಟ್ ಹತ್ತಿರ ವಯಸ್ಸಾದ ಪೇಂಟರ್ ಒಬ್ಬರು ಅಂಗಡಿ ಬೋರ್ಡ್ ಬರೆಯುತ್ತಿದ್ದರು. ನಡುಗಬಾರದೆಂದು ಬಲಗೈಯನ್ನು ಎಡಗೈ ಮುಷ್ಟಿಯ ಮೇಲೆ ಊರಿದ್ದರು. ನಾನು ಮೊಬೈಲ್ ತೆಗೆದೆ.

“ಈಗೇನ್ ತಗೀತಿ? ಬೋರ್ಡ್ ಪೂರಾ ಆಗ್ಲಿ, ಆಮ್ಯಾಲ ತಗಿ” ಅಂದರು.

“ಇಲ್ರೀ ಕಾಕಾ, ನಿಮ್ ಕೈನೇ ಬೇಕ್ರೀ” ಅಂದೆ.