ಕಾಕಲ್ ಅಂದರೆ ಬರೀ ಕಪ್ಪೆಚಿಪ್ಪಲ್ಲ

ಇಂಗ್ಲಿಷಿನ ‘ಕಾಕಲ್’ಗೆ ಕನ್ನಡದಲ್ಲಿ ಏನು ಅಂತ ಕೇಳಿದರೆ ಥಟ್ಟನೆ ಸಿಗುವ ಉತ್ತರ ಕಪ್ಪೆಚಿಪ್ಪು. ಹಾಸನ ಕಡೆಯವರಿಗೆ ಕಪ್ಪೆಚಿಪ್ಪು ಅಂದರೆ ಕೆರೆ ದಂಡೆಯಲ್ಲಿ ಸಿಗುವ ಉದ್ದನೆಯ, ನುಣುಪಾದ ಚಿಪ್ಪು. ಅದರ ಬೆನ್ನನ್ನು ಕಲ್ಲಿಗೆ ಉಜ್ಜಿ ತೂತು ಮಾಡಿ, ಆ ತೂತಿನ ಅಂಚಿನಲ್ಲೇ ಮಾವಿನಕಾಯಿ ಸಿಪ್ಪೆ ಹೆರೆಯುತ್ತಿದ್ದರಲ್ವಾ, ಅದು. ಕಾಕಲ್ ಇದಲ್ಲ.

ಕಾಕಲ್ ಕಡಲಿನದು. ದುಂಡಗೆ ಉಬ್ಬಿರುತ್ತದೆ, ಬೆನ್ನ ಮೇಲೆ ಬೀಸಣಿಗೆಯ ಮಡಿಕೆಗಳಂತೆ ಏಣುಗಳು. ಎರಡೂ ಚಿಪ್ಪು ಮುಚ್ಚಿಕೊಂಡಾಗ ಅಂಚಿನ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮರಳಲ್ಲಿ ಹೂತುಕೊಂಡು, ನೀರು ಸೋಸಿ ಹೊಟ್ಟೆ ಹೊರೆಯುವ ಜೀವಿ. ಇರುವುದು ಒಂದೇ ಕಾಲು. ಅಪಾಯ ಬಂದರೆ ಅದನ್ನು ಮಡಚಿ ಝಾಡಿಸಿ ಹಾರಿಬಿಡುತ್ತದೆ! ಶಿರಾಡಿ ಘಾಟಿಯಿಂದ ಕೆಳಗೆ, ಮಂಗಳೂರು ಕಡೆ ತಿನ್ನುವ ಮರುವಾಯಿ ಇದರ ದೂರದ ನೆಂಟ, ಅಷ್ಟೇ.

ಮುಚ್ಚಿದ ಕಾಕಲನ್ನು ಪಕ್ಕದಿಂದ ನೋಡಿದರೆ ಹೃದಯದ ಆಕಾರ. ಅದಕ್ಕೇ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಇದಕ್ಕೆ ‘ಕಾರ್ಡಿಯಂ’ ಅಂತ ಹೆಸರಿಟ್ಟ. ಗ್ರೀಕಿನಲ್ಲಿ ‘ಕಾರ್ಡಿಯಾ’ ಅಂದರೆ ಹೃದಯ. ಇಂಗ್ಲಿಷಿನವರು ತುಂಬಾ ಖುಷಿಯಾದಾಗ ‘ಹೃದಯದ ಕಾಕಲ್‌ಗಳು ಬೆಚ್ಚಗಾದವು’ ಅನ್ನುವುದೂ ಈ ಆಕಾರದಿಂದಲೇ ಬಂದಿದೆ ಎನ್ನುವವರಿದ್ದಾರೆ. ಹೃದಯದ ಕೋಣೆಗಳಿಗಿದ್ದ ಲ್ಯಾಟಿನ್ ಹೆಸರಿನಿಂದ ಬಂತು ಎನ್ನುವವರೂ ಇದ್ದಾರೆ. ಕನ್ನಡಕ್ಕೆ ತರುವಾಗ ಚಿಪ್ಪನ್ನೂ ಬಿಡಿ, ಬಿಸಿಯನ್ನೂ ಬಿಡಿ. ‘ಮನಸ್ಸು ತುಂಬಿ ಬಂತು’ ಅಂದರೆ ಸಾಕು. ನಮ್ಮಲ್ಲಿ ಹರಸುವಾಗ ‘ಹೊಟ್ಟೆ ತಣ್ಣಗಿರಲಿ’ ಅನ್ನುತ್ತೇವೆ, ಬೆಚ್ಚಗಿರಲಿ ಅನ್ನುವುದಿಲ್ಲ.

ಮಲೆನಾಡಿನವರಿಗೆ ಜಾಸ್ತಿ ಬಳಕೆಗೆ ಬರುವುದು ಇನ್ನೊಂದು ಅರ್ಥ. ಆಷಾಢದ ಮಳೆಯಲ್ಲಿ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಒಂದು ನೋಟ್‌ಬುಕ್ಕನ್ನು ಸುಮ್ನೆ ಮೇಜಿನ ಮೇಲೆ ಬಿಟ್ಟು ನೋಡಿ. ಒಂದು ಹನಿ ನೀರೂ ಬಿದ್ದಿರುವುದಿಲ್ಲ, ಆದರೂ ಹಾಳೆಗಳ ಅಂಚು ಏರಿಳಿದು ಅಲೆ ಅಲೆಯಾಗಿರುತ್ತದೆ. ಕಾಗದದ ನಾರು ಗಾಳಿಯ ತೇವ ಹೀರಿ ಹಿಗ್ಗುತ್ತದೆ. ತೆರೆದಿರುವ ಅಂಚು ಮೊದಲು ಹಿಗ್ಗುತ್ತದೆ, ಒತ್ತಿಕೊಂಡಿರುವ ನಡುಭಾಗ ಹಾಗೇ ಇರುತ್ತದೆ. ಹಿಗ್ಗಿದ ಅಂಚಿಗೆ ಜಾಗ ಸಾಲದೆ ಮೇಲೆ ಕೆಳಗೆ ಬಾಗುತ್ತದೆ. ಪ್ರಿಂಟಿಂಗ್ ಕೆಲಸದವರ ಇಂಗ್ಲಿಷಿನಲ್ಲಿ ಇದಕ್ಕೂ ಕಾಕಲ್ ಅಂತಲೇ ಹೆಸರು. ಜಲವರ್ಣದಲ್ಲಿ ಚಿತ್ರ ಬರೆಯುವವರು ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಬಿಗಿಯುವುದು ಇದನ್ನು ತಡೆಯಲಿಕ್ಕೆ. ‘ಸುಕ್ಕು’ ಅಂದರೆ ಪೂರ್ತಿ ಹೊಂದುವುದಿಲ್ಲ, ಸುಕ್ಕಿನಲ್ಲಿ ಗೆರೆ ಬೀಳುತ್ತದೆ. ‘ಹಾಳೆ ಅಲೆಯೆದ್ದಿದೆ’ ಅನ್ನುವುದು ನನಗೆ ಸರಿ ಅನಿಸುತ್ತದೆ.

ಕಳೆ ಗಿಡದ ಕಾಕಲ್ ಮಾತ್ರ ಬೇರೆಯೇ ಪದ, ಕಾಗುಣಿತವಷ್ಟೇ ಒಂದು. ಯೂರೋಪಿನ ಗೋಧಿ ಹೊಲಗಳಲ್ಲಿ ಹಿಂದೆ ಹೇರಳವಾಗಿ ಬೆಳೆಯುತ್ತಿದ್ದ, ನೇರಳೆ ಛಾಯೆಯ ಹೂವಿನ, ವಿಷದ ಬೀಜದ ಗಿಡ ಅದು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಬಾರ್ಲಿಯ ಬದಲು ಹುಟ್ಟುವ ಕಳೆಗೆ ಈ ಪದ ಬಳಸಿದ್ದಾರೆ.

ಆ ಗಿಡ ನಮ್ಮ ಕಡೆಯದಲ್ಲ. ಆದರೆ ‘ಕಾಕಲ್‌ಬರ್’ ಅನ್ನುವುದು ನಮ್ಮ ಬೀಳು ಹೊಲದಲ್ಲೂ ಇದೆ: ಪಂಚೆಗೆ, ಕುರಿಯ ಉಣ್ಣೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಮರುಳುಮತ್ತಿ. ಒಂದೊಂದು ಕಾಯಿಯೊಳಗೆ ಎರಡು ಬೀಜ. ಸಾಮಾನ್ಯವಾಗಿ ಒಂದು ಮೊದಲು ಮೊಳೆಯುತ್ತದೆ, ಇನ್ನೊಂದು ತಡವಾಗಿ. ಹಾಗಾಗಿ ಒಂದು ಸಲ ಕಿತ್ತರೆ ಮುಗಿಯುವುದಿಲ್ಲ. ಎಳೇ ಮೊಳಕೆ ದನಕ್ಕೆ ವಿಷ ಬೇರೆ. ಮಳೆ ಬಿದ್ದ ಹೊಸದರಲ್ಲಿ ಅಂಥ ಜಾಗಕ್ಕೆ ಮೇಯಲು ಬಿಡಬೇಡಿ.