ಕಂದಾಯದಿಂದ ಕಾಫಿ ಬೆಲೆಯವರೆಗೆ: ಕೊಡಗಿನ ಸಂಕಷ್ಟ ಮತ್ತು ಆಳುವವರ ಮೇಲಿನ ನಂಬಿಕೆ

1834ರಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಈಸ್ಟ್ ಇಂಡಿಯಾ ಕಂಪನಿ, ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆದುದರಲ್ಲೇ ಕಂದಾಯ ಅಳೆದುಕೊಡುತ್ತಿದ್ದ ರೈತರು ಇನ್ನು ನಗದು ಕಟ್ಟಬೇಕಾಯಿತು; ಕೈಯಲ್ಲಿ ಕಾಸಿಲ್ಲದವರಿಗೆ ಸಾಹುಕಾರರ ಸಾಲವೇ ಗತಿಯಾಯಿತು. ಮೂರೇ ವರ್ಷಗಳಲ್ಲಿ, ತಾನು ರಾಜವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಕೂಡಿತು. ಕಂದಾಯ ಬಿಡುವ, ಉಪ್ಪು ಮತ್ತು ಹೊಗೆಸೊಪ್ಪಿನ ಹೊರೆ ಇಳಿಸುವ ಭರವಸೆಯನ್ನು ನಂಬಿ ಹೊರಟ ಆ ಜನ 1837ರ ಏಪ್ರಿಲ್‌ನಲ್ಲಿ ಮಂಗಳೂರನ್ನೇ ಕೆಲವು ದಿನ ವಶದಲ್ಲಿಟ್ಟುಕೊಂಡರು. ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ಆಗ ಪ್ರಜಾಪ್ರಭುತ್ವವಿರಲಿಲ್ಲ, ಮತವೂ ಇರಲಿಲ್ಲ. ಆದರೂ ಇಂದು ಪಾಪ್ಯುಲಿಸಂ ಎಂದು ಕರೆಯುವ ರಾಜಕಾರಣದ ಬೇರು ಎಲ್ಲಿದೆ ಎಂಬುದನ್ನು ಈ ಘಟನೆಯಷ್ಟು ಸ್ಪಷ್ಟವಾಗಿ ತೋರಿಸುವುದು ಕಡಿಮೆ: ಕಷ್ಟ ಬಂದಾಗ ದೂರು ಕೇಳುವವರೇ ಇಲ್ಲದಿದ್ದರೆ, ಎಲ್ಲವನ್ನೂ ಒಂದೇ ಏಟಿಗೆ ಸರಿಪಡಿಸುತ್ತೇನೆನ್ನುವವನ ಹಿಂದೆ ಜನ ಹೋಗುತ್ತಾರೆ. ಜರ್ಮನಿಯಲ್ಲಿ 1928ರಲ್ಲಿ ಶೇ. 2.6ರಷ್ಟು ಮತ ಪಡೆದಿದ್ದ ನಾಜಿ ಪಕ್ಷ, ನಿರುದ್ಯೋಗ ಬಾಧಿಸಿದ 1932ರ ಜುಲೈನಲ್ಲಿ ಶೇ. 37.3ಕ್ಕೆ ಏರಿದ್ದು ಬಡತನದಿಂದ ಮಾತ್ರವಲ್ಲ, ಸಂಸತ್ತಿನಿಂದ ಪರಿಹಾರ ಸಿಗುತ್ತದೆಂಬ ಭರವಸೆ ಕುಸಿದದ್ದರಿಂದಲೂ ಹೌದು.

ಕೊಡಗಿಗೆ ಅಂಥ ಸದನವೊಂದು ಕೆಲಕಾಲ ಬಹಳ ಹತ್ತಿರವಿತ್ತು. 1952ರ ಚುನಾವಣೆಯಲ್ಲಿ ಈ ಪುಟ್ಟ ರಾಜ್ಯಕ್ಕೆ 24 ಸದಸ್ಯರ ವಿಧಾನಸಭೆ, ಮುಖ್ಯಮಂತ್ರಿಯಾಗಿ ಸಿ. ಎಂ. ಪೂಣಚ್ಚ ದೊರೆತರು, ಮೈಸೂರಿನೊಂದಿಗಿನ ವಿಲೀನವನ್ನು ವಿರೋಧಿಸಿದ ತಕ್ಕಡಿ ಪಕ್ಷ ಒಂಬತ್ತು ಸ್ಥಾನ ಗೆದ್ದಿತು. 1956ರ ನವೆಂಬರ್ 1ರಂದು ವಿಲೀನವಾಯಿತು. 2008ರಿಂದ ಇಡೀ ಜಿಲ್ಲೆಗೆ ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ಕ್ಷೇತ್ರಗಳಿವೆ.

ಬೆಳೆಗಾರರ ಆದಾಯವಾದರೋ ದೂರದ ನಿರ್ಧಾರಗಳಿಗೆ ಕಟ್ಟುಬಿದ್ದಿದೆ. 1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕೆಂದು ಮಿತಿ ಹಾಕುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದು ಬೆಲೆ ಕುಸಿಯಿತು. 1990ರ ದಶಕದಲ್ಲಿ, ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್ ಪದ್ಧತಿ ಹಂತಹಂತವಾಗಿ ಕೊನೆಗೊಂಡಿತು. 2001ರಲ್ಲಿ ಜಾಗತಿಕ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಆದರೆ ಲೆಕ್ಕ ಅಷ್ಟು ಸರಳವಲ್ಲ: 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮಕ್ಕೆ ಸುಟ್ಟು ಇಲ್ಲಿ ಬೆಲೆ ಏರಿದಾಗಲೂ ಪ್ರತ್ಯೇಕ ಕೊಡಗಿನ ಕೂಗು ತಣ್ಣಗಾಗಲಿಲ್ಲ. ಹಣದ ಕೊರತೆಗಿಂತ, ತಮ್ಮ ಮಾತು ಬೆಂಗಳೂರಿಗೆ ಮುಟ್ಟುವುದಿಲ್ಲವೆಂಬ ನೋವೇ ಹೆಚ್ಚು ಆಳದ್ದೆಂದು ನನಗನಿಸುತ್ತದೆ.

ಬೆಲೆ ಏರಲಿ, ಇಳಿಯಲಿ, ತೋಟದ ಮಾಲೀಕರು ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿಸಿದ ಲೈನ್‌ಮನೆಗಳಲ್ಲಿ ವಾಸಿಸುವ ಯರವ, ಜೇನುಕುರುಬ ಕುಟುಂಬಗಳ ಪಾಲಿಗೆ ಆ ಮನೆ ತಮ್ಮದಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಅವರು ಅಲ್ಲೇ ಧರಣಿ ಕುಳಿತರು. ಆ ಚಳಿಯಲ್ಲಿ ಕುಳಿತು ಅವರು ಕೇಳಿದ್ದು ಒಂದು ತುಂಡು ಭೂಮಿ ಮತ್ತು ಅದರ ಹಕ್ಕುಪತ್ರವನ್ನು.